ಇಡ್ಲಿ ಪಾತ್ರೆಯಲ್ಲಿ ನಾಯಿ ಟ್ರೀಟ್: ತರಬೇತಿಗೆ ಬೇಕಾದ ಮೆತ್ತನೆ ಚೂರುಗಳು

ತರಬೇತಿಗೆ ಕೊಡುವ ಟ್ರೀಟ್ ಹೊಟ್ಟೆ ತುಂಬಿಸುವ ತಿಂಡಿಯಲ್ಲ. ನಾಯಿ ಕೂತಿತು, ಬಾಯಿಗೆ ಚೂರು ಬಿತ್ತು, ಎರಡು ಸೆಕೆಂಡಿನಲ್ಲಿ ಗಂಟಲಿಳಿಯಿತು, ಕಣ್ಣು ಮತ್ತೆ ನಿಮ್ಮ ಮುಖದ ಮೇಲೆ. ಅದರ ಕೆಲಸ ಇಷ್ಟೇ. ಗ್ಲೂಕೋಸ್ ಬಿಸ್ಕತ್ತು ಸೋಲುವುದು ಇಲ್ಲೇ. ಸಕ್ಕರೆಯ ಮಾತು ಹಾಗಿರಲಿ, ಕಡಿದರೆ ಪುಡಿ ಉದುರುತ್ತದೆ, ನಾಯಿ ನೆಲ ಮೂಸುತ್ತ ಹೊರಡುತ್ತದೆ, ಅದರ ಗಮನ ವಾಪಸ್ ತರುವಷ್ಟರಲ್ಲಿ ಅರ್ಧ ನಿಮಿಷ ಹೋಗಿರುತ್ತದೆ. ಐದು ನಿಮಿಷದ ಪಾಠದಲ್ಲಿ ಇಪ್ಪತ್ತು ಸಲ ಕೊಡಬೇಕಾದ ಕಡೆ ಎಂಟು ಸಲ ಕೊಟ್ಟಿರುತ್ತೀರಿ.

ಮೆತ್ತಗಿರಬೇಕು ಅಂದರೆ ಚೂರಿನೊಳಗೆ ನೀರು ಉಳಿದಿರಬೇಕು. ಓವನ್‌ನ ಒಣ ಶಾಖ ಮೊದಲು ಕಸಿಯುವುದು ಆ ನೀರನ್ನೇ. ಹಾಗಾಗಿ ಓವನ್ ಇಲ್ಲ ಎಂದು ಕೈಚೆಲ್ಲುವುದು ಬೇಡ. ಈ ಕೆಲಸಕ್ಕೆ ನಮ್ಮ ಇಡ್ಲಿ ಪಾತ್ರೆಯೇ ಹೆಚ್ಚು ಸರಿ. ಆದರೆ ಮೆತ್ತಗಿಡುವ ನೀರೇ ಬೂಷ್ಟನ್ನೂ ತರುತ್ತದೆ. ಮನೆಯಲ್ಲಿ ಮಾಡಿದ ಮೆತ್ತನೆ ಟ್ರೀಟ್ ಅಂಗಡಿಯ ಪ್ಯಾಕೆಟ್ಟಿನಂತೆ ಕಪಾಟಿನಲ್ಲಿ ಕೂರುವುದಿಲ್ಲ, ಅದರ ಜಾಗ ಫ್ರಿಜ್ ಅಥವಾ ಫ್ರೀಜರ್.

ಎಷ್ಟು ದೊಡ್ಡದು, ಎಷ್ಟು ಮೆತ್ತಗೆ

ಮಧ್ಯಮ ಮತ್ತು ದೊಡ್ಡ ನಾಯಿಗೆ ಕಡಲೆಕಾಳಿನಷ್ಟು, ಅಂದರೆ ಸುಮಾರು 8 ಮಿ.ಮೀ. ಪೊಮೆರೇನಿಯನ್, ಪಗ್, ಚಿಕ್ಕ ಮರಿಗಳಿಗೆ ತೊಗರಿಕಾಳಿನಷ್ಟು, 5 ಮಿ.ಮೀ. 'ಇಷ್ಟು ಚಿಕ್ಕದು ಲ್ಯಾಬ್ರಡಾರ್‌ಗೆ ಎಲ್ಲಿಗೆ ಸಾಲುತ್ತೆ' ಎಂದು ದೊಡ್ಡದು ಕತ್ತರಿಸುವವರೇ ಜಾಸ್ತಿ. ನಾಯಿಗೆ ಮುಖ್ಯವಾಗುವುದು ಎಷ್ಟು ಸಲ ಸಿಕ್ಕಿತು ಎಂಬುದು. ತುಂಬಾ ಚೆನ್ನಾಗಿ ಮಾಡಿದಾಗ ದೊಡ್ಡ ತುಂಡು ಕೊಡುವ ಬದಲು ಐದು ಚಿಕ್ಕ ಚೂರುಗಳನ್ನು ಒಂದರ ಹಿಂದೊಂದು ಕೊಡಿ.

ಚೂರು ಸರಿಯಾಗಿದೆಯೇ ಎಂದು ತಿಳಿಯಲು ಮೂರು ಪರೀಕ್ಷೆ ಸಾಕು. ಹೆಬ್ಬೆರಳು ತೋರುಬೆರಳ ನಡುವೆ ಒತ್ತಿದರೆ ಚಪ್ಪಟೆಯಾಗಬೇಕು, ಒಡೆಯಬಾರದು. ಸೊಂಟದ ಎತ್ತರದಿಂದ ಬಿಟ್ಟರೆ ಇಡಿಯಾಗಿ ಉರುಳಬೇಕು. ಟಿಶ್ಯೂ ಕಾಗದದಲ್ಲಿ ಸುತ್ತಿ ಹಿಂಡಿದರೆ ಎಣ್ಣೆ ಕಲೆ ಹರಡಬಾರದು, ಹರಡಿದರೆ ಜಿಡ್ಡು ಜಾಸ್ತಿಯಾಗಿದೆ ಎಂದರ್ಥ.

ಲಿವರ್–ರಾಗಿ ಟ್ರೀಟ್

ಇದು ಕಲಿತರೆ ಉಳಿದವೆಲ್ಲ ಇದರ ರೂಪಾಂತರ. ಕೋಳಿ ಲಿವರ್ ಅಗ್ಗ, ಮೂಳೆಯಿಲ್ಲ, ವಾಸನೆ ಜೋರು. ಬೀದಿಯಲ್ಲಿ ಬೆಕ್ಕು, ಬೈಕು, ಇನ್ನೊಂದು ನಾಯಿ ಇದ್ದರೂ ಈ ಕಡೆ ತಿರುಗಿಸುವುದು ಆ ವಾಸನೆಯೇ.

ಬೇಕಾಗುವುದು:
- ಕೋಳಿ ಲಿವರ್ 250 ಗ್ರಾಂ
- ಮೊಟ್ಟೆ 1
- ರಾಗಿ ಹಿಟ್ಟು 100 ಗ್ರಾಂ
- ಗೋಧಿ ಹಿಟ್ಟು 50 ಗ್ರಾಂ
- ಅಡುಗೆ ಎಣ್ಣೆ 1 ಟೀ ಚಮಚ, ತಟ್ಟೆಗೆ ಸವರಲು ಇನ್ನು ಕೆಲವು ಹನಿ

ತಕ್ಕಡಿ ಇಲ್ಲದಿದ್ದರೆ 240 ಮಿ.ಲೀ. ಕಪ್ಪಿನಲ್ಲಿ ರಾಗಿ ಮುಕ್ಕಾಲು ಕಪ್, ಗೋಧಿ ಅರ್ಧ ಕಪ್ಪಿಗೆ ತುಸು ಕಡಿಮೆ. ಉಪ್ಪು, ಅರಿಶಿನ, ಬೇಕಿಂಗ್ ಪೌಡರ್, ಸೋಡಾ ಯಾವುದೂ ಬೇಡ. ಉಬ್ಬಿದರೆ ಒಳಗೆ ತೂತು ಬಿದ್ದು ಪುಡಿಯಾಗುತ್ತದೆ, ನಮಗೆ ಬೇಕಿರುವುದು ಒತ್ತಾದ ಚೂರು.

ಲಿವರನ್ನು ಮೊದಲು ಒಂದೊಂದಾಗಿ ನೋಡಿ. ಎಲ್ಲಾದರೂ ಹಸಿರು ಚೀಲವೋ ಹಸಿರು ಕಲೆಯೋ ಅಂಟಿಕೊಂಡಿದ್ದರೆ ಅದು ಪಿತ್ತ. ಒಡೆಯದ ಹಾಗೆ ಸುತ್ತಲಿನ ಮಾಂಸದ ಸಮೇತ ಕತ್ತರಿಸಿ ಬಿಸಾಕಿ. ಒಂದು ಚೀಲ ಒಡೆದರೆ ಇಡೀ ಹಿಟ್ಟು ಕಹಿಯಾಗಿ ನಾಯಿ ಮೂಸಿ ಮುಖ ತಿರುಗಿಸುತ್ತದೆ. ತೊಳೆಯಲೇಬೇಕು ಅನಿಸಿದರೆ ಬಟ್ಟಲಿನ ನೀರಲ್ಲಿ ಅದ್ದಿ ತೆಗೆಯಿರಿ. ನಲ್ಲಿಯ ಕೆಳಗೆ ಹಿಡಿದರೆ ಹಸಿ ಕೋಳಿಯ ನೀರು ಸಿಂಕಿನ ಸುತ್ತ ಪಾತ್ರೆಗಳ ಮೇಲೆಲ್ಲ ಚಿಮ್ಮುತ್ತದೆ.

ಮಿಕ್ಸಿಗೆ ಲಿವರ್, ಮೊಟ್ಟೆ, ಎಣ್ಣೆ ಹಾಕಿ ನೀರಿಲ್ಲದೆ ನುಣ್ಣಗೆ ರುಬ್ಬಿ. ಲಿವರಿನಲ್ಲೇ ಮುಕ್ಕಾಲು ಪಾಲು ನೀರಿದೆ. ಬಟ್ಟಲಿಗೆ ಸುರಿದು ಎರಡೂ ಹಿಟ್ಟನ್ನು ಸ್ವಲ್ಪ ಸ್ವಲ್ಪವಾಗಿ ಸೇರಿಸಿ ಗಂಟಿಲ್ಲದಂತೆ ಕಲಸಿ. ಹದ ಇಡ್ಲಿ ಹಿಟ್ಟಿಗಿಂತ ಒಂಚೂರು ಗಟ್ಟಿ, ಉದ್ದಿನ ವಡೆ ಹಿಟ್ಟಿಗಿಂತ ತೆಳು. ಸೌಟಿನಿಂದ ಬಿಟ್ಟರೆ ರಿಬ್ಬನ್ನಿನ ಹಾಗೆ ಇಳಿದು, ಮೇಲ್ಮೈಯಲ್ಲಿ ಎರಡು ಮೂರು ಸೆಕೆಂಡ್ ಗೆರೆ ಉಳಿದು ಮಾಯವಾಗಬೇಕು. ಹತ್ತು ನಿಮಿಷ ಹಾಗೇ ಬಿಡಿ. ರಾಗಿ ನೀರು ಕುಡಿಯಲು ಸಮಯ ತೆಗೆದುಕೊಳ್ಳುತ್ತದೆ, ಬಿಡದೆ ಬೇಯಿಸಿದರೆ ತಿನ್ನುವಾಗ ಮರಳಿನಂತೆ ತರಿತರಿ.

18 ಸೆಂ.ಮೀ. ಅಗಲದ, ಅಂಚಿರುವ ಎರಡು ತಟ್ಟೆಗೆ ಎಣ್ಣೆ ಸವರಿ ಹಿಟ್ಟನ್ನು ಸಮನಾಗಿ ಹಂಚಿದರೆ ದಪ್ಪ ತಾನಾಗಿಯೇ 8 ಮಿ.ಮೀ. ಆಸುಪಾಸಿಗೆ ಬರುತ್ತದೆ. ತಟ್ಟೆ ಇಡ್ಲಿಯ ತಟ್ಟೆಗಳೂ ಆಗುತ್ತವೆ, ಆದರೆ ಅರ್ಧಕ್ಕಿಂತ ಕಡಿಮೆ ತುಂಬಿ. ಗುಳಿಯಿರುವ ಮಾಮೂಲಿ ಇಡ್ಲಿ ತಟ್ಟೆ ಬೇಡ, ಮಧ್ಯೆ ದಪ್ಪ ಅಂಚು ತೆಳುವಾಗಿ ಚೂರುಗಳು ಒಂದಳತೆಗೆ ಬರುವುದಿಲ್ಲ.

ಪಾತ್ರೆಯ ನೀರು ಕುದಿದು ಆವಿ ಜೋರಾದ ಮೇಲೆಯೇ ತಟ್ಟೆ ಇಡಿ. ಮುಚ್ಚಳಕ್ಕೆ ಒಳಗಿನಿಂದ ತೆಳು ಬಟ್ಟೆ ಕಟ್ಟಿ, ಇಲ್ಲವಾದರೆ ಹನಿ ತೊಟ್ಟಿಕ್ಕಿ ಮೇಲ್ಮೈ ಲೊಳಲೊಳ. ಕುಕ್ಕರ್ ಬಳಸಿದರೆ ವೇಟ್ ಹಾಕಬೇಡಿ. 15 ನಿಮಿಷ ಬೇಯಿಸಿ. ಮಧ್ಯಕ್ಕೆ ಚಾಕು ಚುಚ್ಚಿದರೆ ಅಂಟದೆ ಬರಬೇಕು, ಒಳಗೆ ಎಲ್ಲೂ ಕೆಂಪು ಕಾಣಬಾರದು. ಅಡುಗೆ ಥರ್ಮಾಮೀಟರ್ ಇದ್ದರೆ ನಡುವಿನ ಬಿಸಿ 74 ಡಿಗ್ರಿ ಸೆಲ್ಸಿಯಸ್ ದಾಟಿರಬೇಕು.

ಈಗ ಅವಸರ ಮಾಡಬೇಡಿ. ಬಿಸಿಯಲ್ಲೇ ಕತ್ತರಿಸಿದರೆ ಚಾಕುವಿಗೆ ಅಂಟಿ ಹರಿಯುತ್ತದೆ. ತಟ್ಟೆಯಲ್ಲೇ 40 ನಿಮಿಷ ಆರಲಿ, ಗಂಜಿ ಕಟ್ಟಿಕೊಂಡು ಗಟ್ಟಿಯಾಗುತ್ತದೆ. ಆಮೇಲೆ ಮಗುಚಿ ಹಾಕಿ, ಚಾಕುವಿಗೆ ಎಣ್ಣೆ ಸವರಿ ಮೊದಲು ಒಂದು ದಿಕ್ಕಿಗೆ, ನಂತರ ಅಡ್ಡಕ್ಕೆ, ಕೊಬ್ಬರಿ ಮಿಠಾಯಿ ಕೊಯ್ಯುವ ಹಾಗೆ ಗೆರೆ ಎಳೆಯಿರಿ. ಚಾಕುವನ್ನು ಎಳೆಯುವುದಕ್ಕಿಂತ ಮೇಲಿನಿಂದ ಒತ್ತಿದರೆ ಅಂಚು ಚೊಕ್ಕ. ಪಿಜ್ಜಾ ಕತ್ತರಿಸುವ ಚಕ್ರ ಇದ್ದರೆ ಐದು ನಿಮಿಷದ ಕೆಲಸ. ಇಷ್ಟಕ್ಕೆ 800ಕ್ಕೂ ಹೆಚ್ಚು ಚೂರು ಸಿಗುತ್ತವೆ.

ಕೈಗೆ ಅಂಟುತ್ತಿದ್ದರೆ ಅಗಲ ಕಾವಲಿಯನ್ನು ಸಣ್ಣ ಉರಿಯಲ್ಲಿಟ್ಟು ಎಣ್ಣೆಯಿಲ್ಲದೆ 4–5 ನಿಮಿಷ ಅಲ್ಲಾಡಿಸುತ್ತ ಮೇಲ್ಮೈ ಮಾತ್ರ ಒಣಗಿಸಿ. ಬಣ್ಣ ಬದಲಾಗತೊಡಗಿದರೆ ಆಗಲೇ ತಡವಾಗಿದೆ.

ಹಸಿ ಲಿವರ್ ರುಬ್ಬಿದ ಜಾರನ್ನು ಬಿಸಿನೀರು, ಸೋಪಿನಲ್ಲಿ ಕೂಡಲೇ ತೊಳೆಯಬೇಕು, ಬ್ಲೇಡಿನ ಕೆಳಗಿನ ರಬ್ಬರ್ ಬಿಚ್ಚಿ ಸಮೇತ. ಚಟ್ನಿ ರುಬ್ಬುವ ಜಾರಿಗೆ ಹಸಿ ಲಿವರಾ ಎಂದು ಮನೆಯಲ್ಲಿ ಜಗಳ ಆಗುವಂತಿದ್ದರೆ, ಲಿವರನ್ನು ಒಂದು ಕಪ್ ನೀರಲ್ಲಿ 8–10 ನಿಮಿಷ ಕುದಿಸಿ, ಪೊಟ್ಯಾಟೊ ಮ್ಯಾಶರ್‌ನಲ್ಲಿ ಚೆನ್ನಾಗಿ ಹಿಸುಕಿ. ಕುದಿಸಿದ ನೀರು ಚೆಲ್ಲಬೇಡಿ, ವಾಸನೆಯೆಲ್ಲ ಅದರಲ್ಲಿದೆ. ಅದರಿಂದ ಸುಮಾರು 100 ಮಿ.ಲೀ. ಬಳಸಿ ಹಿಟ್ಟನ್ನು ಅದೇ ಹದಕ್ಕೆ ತನ್ನಿ.

ಎಲ್ಲಿ ಕೆಡುತ್ತದೆ

ಪುಡಿಪುಡಿಯಾದರೆ ಗೋಧಿ ಬಿಟ್ಟು ಬರೀ ರಾಗಿ ಹಾಕಿರುತ್ತೀರಿ. ರಾಗಿಯಲ್ಲಿ ಗೋಧಿಯ ಜಿಗುಟು ಇಲ್ಲ. ಗೋಧಿ ಆಗದ ನಾಯಿಯಾದರೆ ಪೂರ್ತಿ ರಾಗಿಯೇ ಹಾಕಿ, ಆದರೆ ಮೊಟ್ಟೆ ಎರಡು ಮಾಡಿ.

ರಬ್ಬರಿನಂತಾದರೆ ಉಲ್ಟಾ ತಪ್ಪು. ಗೋಧಿ ಜಾಸ್ತಿಯಾಗಿದೆ, ಅಥವಾ ಹಿಟ್ಟು ಹಾಕಿದ ಮೇಲೆ ಮಿಕ್ಸಿಯಲ್ಲೇ ತಿರುಗಿಸಿದ್ದೀರಿ. ಹಿಟ್ಟು ಸೇರಿದ ಮೇಲೆ ಕೈ ಇಲ್ಲವೇ ಚಮಚ, ಅದೂ ಗಂಟು ಹೋಗುವಷ್ಟೇ. 15 ನಿಮಿಷ ಅಂದದ್ದನ್ನು ಅರ್ಧ ಗಂಟೆ ಬೇಯಿಸಿದರೂ ಮೊಟ್ಟೆ, ಲಿವರ್ ಎರಡೂ ಬಿಗಿದುಕೊಳ್ಳುತ್ತವೆ.

ಫ್ರಿಜ್ಜಿನಿಂದ ತೆಗೆದಾಗ ಗಟ್ಟಿಯಿದ್ದರೆ ಹಾಳಾಗಿಲ್ಲ. ನಿನ್ನೆಯ ಇಡ್ಲಿ ಬಿರುಸಾಗುವುದೂ ಹೀಗೆಯೇ, ತಣ್ಣಗಾದ ಗಂಜಿ ಬಿಗಿಯಾಗುತ್ತದೆ. ಹೊರಡುವ ಹತ್ತು ನಿಮಿಷ ಮೊದಲು ತೆಗೆದಿಡಿ. ಅಕ್ಕಿ ಹಿಟ್ಟಿನಲ್ಲಿ ಈ ತೊಂದರೆ ಎದ್ದು ಕಾಣುತ್ತದೆ, ಹಾಗಾಗಿ ರಾಗಿಯ ಬದಲು ಅಕ್ಕಿ ಹಿಟ್ಟು ಹಾಕುವುದು ಬೇಡ. ಒಂದು ಚಮಚ ಎಣ್ಣೆ ಇರುವುದೂ ಈ ಬಿರುಸನ್ನು ತಗ್ಗಿಸಲಿಕ್ಕೇ.

ಮೊಟ್ಟೆ, ಮಾಂಸ ಇಲ್ಲದ ಮನೆಗೆ: ಪನೀರ್–ಗೆಣಸು

ಸಿಹಿಗೆಣಸು 200 ಗ್ರಾಂ, ಪನೀರ್ 100 ಗ್ರಾಂ, ಓಟ್ಸ್ 60 ಗ್ರಾಂ (ಪುಡಿ ಮಾಡಿಕೊಳ್ಳಿ), ಹುರಿದು ಸಿಪ್ಪೆ ತೆಗೆದ ಶೇಂಗಾ ರುಬ್ಬಿದ ಪೇಸ್ಟ್ ಒಂದು ದೊಡ್ಡ ಚಮಚ. ಶೇಂಗಾಕ್ಕೆ ಉಪ್ಪು, ಬೆಲ್ಲ ಸೇರಿಸಬೇಡಿ. ಕಪ್ಪಾದ, ಮುಗ್ಗಲು ವಾಸನೆಯ, ಸುಕ್ಕಿದ ಬೀಜ ಒಂದೂ ಹೋಗದಂತೆ ಆರಿಸಿ. ಬೂಷ್ಟು ಹಿಡಿದ ಶೇಂಗಾದಲ್ಲಿರುವ ಅಫ್ಲಾಟಾಕ್ಸಿನ್ ಎಂಬ ವಿಷ ನಾಯಿಯ ಲಿವರಿಗೇ ಹೊಡೆತ.

ಗೆಣಸನ್ನು ಸಿಪ್ಪೆ ಸಮೇತ ಇಡಿಯಾಗಿ ಬೇಯಿಸಿ ಆಮೇಲೆ ಸುಲಿಯಿರಿ. ಹೆಚ್ಚಿ ಬೇಯಿಸಿದರೆ ನೀರು ಕುಡಿದು ಹಿಟ್ಟು ಅಂಟಂಟಾಗುತ್ತದೆ, ಅದನ್ನು ಸರಿಮಾಡಲು ಓಟ್ಸ್ ಸುರಿಯುತ್ತ ಹೋದರೆ ಕೊನೆಗೆ ಗಟ್ಟಿ ಬಿಸ್ಕತ್ತೇ ಗತಿ. ಪೂರ್ತಿ ಆರಿದ ಮೇಲೆ ಎಲ್ಲ ಸೇರಿಸಿ ಮೆತ್ತನೆ ಚಪಾತಿ ಹಿಟ್ಟಿನ ಹದಕ್ಕೆ ನಾದಿ. ಪನೀರಿನ ಗಂಟು ಒಂದೂ ಉಳಿಯದಂತೆ ಅಂಗೈಯಿಂದ ಉಜ್ಜಿ.

ಇಲ್ಲಿ ಚಕ್ಕುಲಿ ಒರಳು ಕೆಲಸಕ್ಕೆ ಬರುತ್ತದೆ. ದೊಡ್ಡ ತೂತಿನ ಬಿಲ್ಲೆ ಹಾಕಿ ಎಣ್ಣೆ ಸವರಿದ ತಟ್ಟೆಗೆ ಉದ್ದುದ್ದ ಎಳೆಗಳನ್ನು ಒತ್ತಿ, ಒಂದಕ್ಕೊಂದು ತಾಗದಿರಲಿ. 10 ನಿಮಿಷ ಆವಿಯಲ್ಲಿ ಬೇಯಿಸಿ, ಆರಿದ ಮೇಲೆ ಕತ್ತರಿಯಿಂದ ಕಡಲೆಕಾಳಿನಷ್ಟಕ್ಕೆ ತುಂಡರಿಸಿ. ಒರಳಿಲ್ಲದಿದ್ದರೆ ಕೋಡುಬಳೆಗೆ ಹೊಸೆಯುವ ಹಾಗೆ ಹೊಸೆಯಿರಿ.

ಹಾಲು ಕುಡಿದರೆ ಭೇದಿಯಾಗುವ ನಾಯಿಗಳಿವೆ. ಪನೀರಿನಲ್ಲಿ ಹಾಲಿಗಿಂತ ಲ್ಯಾಕ್ಟೋಸ್ (ಹಾಲಿನ ಸಕ್ಕರೆ) ಕಡಿಮೆ, ಬಹುಪಾಲು ನಾಯಿಗಳಿಗೆ ಒಗ್ಗುತ್ತದೆ. ಆದರೂ ಮೊದಲ ದಿನ ನಾಲ್ಕೈದು ಚೂರಿಗೆ ನಿಲ್ಲಿಸಿ. ಇನ್ನೊಂದು ಮಾತು, ಇದರ ವಾಸನೆ ಲಿವರಿನಷ್ಟು ಜೋರಿಲ್ಲ. ಹಜಾರದಲ್ಲಿ, ಟೆರೇಸಿನಲ್ಲಿ ಪಾಠ ಹೇಳಲು ಸಾಕು, ಪಾರ್ಕಿನಲ್ಲಿ ಸಾಕಾಗದಿರಬಹುದು. ಸಸ್ಯಾಹಾರಿ ಮನೆಯಲ್ಲಿ ಪಾರ್ಕಿಗೆಂದು ಒಂದಿಷ್ಟು ತುರಿದ ಚೀಸ್ ಇದಕ್ಕೇ ಬೆರೆಸಿ ಮಾಡಿಡಬಹುದು. ಚೀಸಿನಲ್ಲಿ ಉಪ್ಪು, ಜಿಡ್ಡು ಎರಡೂ ಇವೆ, ಇಷ್ಟು ಹಿಟ್ಟಿಗೆ 20 ಗ್ರಾಂ ಮೀರಬೇಡಿ.

ಹೊತ್ತಿಲ್ಲದಾಗ

ಕೋಳಿ ಎದೆಭಾಗ: ಚರ್ಮ ತೆಗೆದು, ನೀರು ಕುದಿಯುವ ಮೊದಲಿನ ಸಣ್ಣ ಗುಳ್ಳೆಯ ಹಂತದಲ್ಲೇ 15 ನಿಮಿಷ ಬೇಯಿಸಿ. ದಪ್ಪ ಜಾಗ ಕೊಯ್ದು ನೋಡಿದರೆ ಒಳಗೆ ಹಸಿ ಇರಬಾರದು. ಅದೇ ನೀರಲ್ಲಿ ಆರಲು ಬಿಡಿ. ಕುಕ್ಕರಿನಲ್ಲಿ ಕೂಗಿಸಿದರೆ ನಾರುನಾರಾಗಿ ಒಣಗುತ್ತದೆ. ಎಳೆ ಬಿಡಿಸಬೇಡಿ, ಎಳೆಗೆ ಅಡ್ಡಲಾಗಿ ಕತ್ತರಿಸಿ. ಬಿಡಿಸಿದ ಎಳೆ ಬೆರಳಿಗೆ ಸುತ್ತಿಕೊಂಡು ಸರಿಯಾದ ಕ್ಷಣಕ್ಕೆ ಬಾಯಿಗೆ ಬೀಳುವುದಿಲ್ಲ.

ಮೊಟ್ಟೆ: ಎರಡು ಮೊಟ್ಟೆ, ಒಂದು ಟೀ ಚಮಚ ನೀರು ಕಲಕಿ ಚಿಕ್ಕ ಬಾಣಲೆಯಲ್ಲಿ ದಪ್ಪಗೆ ಹುಯ್ದು, ಮುಚ್ಚಿ, ಸಣ್ಣ ಉರಿಯಲ್ಲಿ ಆರೇಳು ನಿಮಿಷ. ಕಂದುಬಣ್ಣ ಬಂದರೆ ಅಂಚು ಗಟ್ಟಿ.

ಕರಾವಳಿಯವರಿಗೆ ಬೂತಾಯಿ ಮೀನು ಇದ್ದೇ ಇದೆ, ವಾಸನೆಯಲ್ಲಿ ಲಿವರನ್ನೂ ಮೀರಿಸುತ್ತದೆ. ತಲೆ, ಕರುಳು, ನಡುಮುಳ್ಳು ತೆಗೆದು ಬೇಯಿಸಿದ 150 ಗ್ರಾಂ ಮೀನನ್ನು ಬೆರಳಿನಿಂದ ಹಿಸುಕುತ್ತ ಉಳಿದ ಮುಳ್ಳು ಹುಡುಕಿ, ಲಿವರಿನ ಬದಲು ಇದನ್ನೇ ಒಂದು ಮೊಟ್ಟೆ, 80 ಗ್ರಾಂ ಹಿಟ್ಟು, ಬೇಕಷ್ಟು ನೀರಿನ ಜೊತೆ ಕಲಸಿ ಬೇಯಿಸಿ. ಒಣಮೀನು ಬಳಸುವ ಆಸೆ ಬೇಡ, ಅದರಲ್ಲಿರುವ ಉಪ್ಪು ನಾಯಿಗಾಗುವಂಥದ್ದಲ್ಲ.

ಹಾಕಲೇಬಾರದ್ದು

ಈರುಳ್ಳಿ, ಬೆಳ್ಳುಳ್ಳಿ ಎರಡೂ ನಾಯಿಯ ಕೆಂಪು ರಕ್ತಕಣ ಒಡೆಯುತ್ತವೆ. ಬೇಯಿಸಿದರೂ, ಒಣಪುಡಿಯಾದರೂ ಅಷ್ಟೇ. ಹಳೆಯ ವಿದೇಶಿ ಲಿವರ್ ಕೇಕ್ ರೆಸಿಪಿಗಳಲ್ಲಿ ಬೆಳ್ಳುಳ್ಳಿ ಪುಡಿ ಬರೆದಿರುತ್ತಾರೆ, ಅದನ್ನು ಬಿಟ್ಟುಬಿಡಿ. ಬಿರಿಯಾನಿಯಲ್ಲಿ ಉಳಿದ ಚಿಕನ್ ತೊಳೆದು ಟ್ರೀಟ್ ಮಾಡುವುದೂ ಬೇಡ, ಮಸಾಲೆ ಒಳಗಿನವರೆಗೂ ಹೀರಿರುತ್ತದೆ. ದ್ರಾಕ್ಷಿ, ಒಣದ್ರಾಕ್ಷಿ ಕಿಡ್ನಿ ಕೆಡಿಸಬಲ್ಲವು, ಎಷ್ಟು ತಿಂದರೆ ಸುರಕ್ಷಿತ ಎಂದು ಗೆರೆ ಹಾಕಲಾಗುವುದಿಲ್ಲ. ಪಾಯಸ, ಕೇಸರಿಬಾತಿನ ಚೂರು ಕೈತಪ್ಪಿ ಕೊಡುವವರು ಇದನ್ನು ನೆನಪಿಡಬೇಕು. ಚಾಕೊಲೇಟ್, ಜಾಯಿಕಾಯಿಯೂ ಬೇಡ. ಅಂಗಡಿಯ ಪೀನಟ್ ಬಟರ್ ಬಳಸುವುದಾದರೆ ಡಬ್ಬಿಯ ಹಿಂದೆ ಕ್ಸೈಲಿಟಾಲ್ (ಸಕ್ಕರೆಯ ಬದಲು ಹಾಕುವ ಸಿಹಿ) ಇದೆಯೇ ಎಂದು ಓದಿ. 'ಶುಗರ್ ಫ್ರೀ' ಎಂದಿದ್ದರಂತೂ ಓದದೆ ಮುಚ್ಚಳ ತೆಗೆಯಬೇಡಿ. ಕ್ಸೈಲಿಟಾಲ್ ಸ್ವಲ್ಪ ಹೊಟ್ಟೆಗೆ ಹೋದರೂ ನಾಯಿಯ ರಕ್ತದ ಸಕ್ಕರೆ ಧುತ್ತನೆ ಕುಸಿಯುತ್ತದೆ.

ದಿನಕ್ಕೆ ಎಷ್ಟು

ಟ್ರೀಟ್‌ನಿಂದ ಬರುವ ಕ್ಯಾಲೊರಿ ದಿನದ ಒಟ್ಟು ಆಹಾರದ ಶೇ. 10ರೊಳಗಿರಬೇಕು. ಮೇಲಿನ ಲಿವರ್–ರಾಗಿ ಚೂರು 8 ಮಿ.ಮೀ. ಅಳತೆಗೆ ಸುಮಾರು ಅರ್ಧ ಗ್ರಾಂ ತೂಗುತ್ತದೆ, ಹತ್ತಿರಹತ್ತಿರ 1 ಕ್ಯಾಲೊರಿ. ಪನೀರ್–ಗೆಣಸಿನದೂ ಹೆಚ್ಚುಕಡಿಮೆ ಅಷ್ಟೇ. ಹಾಗಾಗಿ ಲೆಕ್ಕ ಸುಲಭ. ಸಂತಾನಹರಣ ಮಾಡಿಸಿದ ಬೆಳೆದ ನಾಯಿ 5 ಕೆ.ಜಿ. ಇದ್ದರೆ ದಿನಕ್ಕೆ 35 ಚೂರು, 10 ಕೆ.ಜಿ.ಗೆ 60, 15 ಕೆ.ಜಿ.ಯ ನಾಟಿ ನಾಯಿಗೆ 85, 30 ಕೆ.ಜಿ. ಲ್ಯಾಬ್‌ಗೆ 140. ಪೊಮೆರೇನಿಯನ್‌ಗೆ 35 ಸಾಲದು ಎನಿಸಿದರೆ 5 ಮಿ.ಮೀ.ಗೆ ಇಳಿಸಿ. ಅಳತೆ ಮೂರೂ ಕಡೆಯಿಂದ ಕುಗ್ಗುವುದರಿಂದ ತೂಕ ಕಾಲು ಭಾಗಕ್ಕೆ ಬಂದು 140 ಚೂರು ಕೊಡಬಹುದು. ಎಷ್ಟು ಕೊಟ್ಟಿರೋ ಅಷ್ಟು ರಾತ್ರಿ ಊಟದಲ್ಲಿ ಕಡಿಮೆ ಮಾಡಿ.

ಲಿವರಿನಲ್ಲಿ ವಿಟಮಿನ್ 'ಎ' ಸಮೃದ್ಧ, ದೇಹದಲ್ಲಿ ಶೇಖರವಾಗುತ್ತದೆ. ಈ ಮಿತಿಯೊಳಗೆ ಭಯವಿಲ್ಲ. ಊಟಕ್ಕೂ ಲಿವರ್, ಟ್ರೀಟ್‌ಗೂ ಲಿವರ್ ಎಂದಾದರೆ ಕಷ್ಟ. ವಾರದಲ್ಲಿ ಮೂರು ನಾಲ್ಕು ದಿನ ಇದು, ಉಳಿದ ದಿನ ಬೇರೆ ಎಂದು ತಿರುಗಿಸಿ. ಮಾಡಿದ್ದು ಮೊದಲ ಸಲ ಕೊಡುವಾಗ ಬೇರೆ ಹೊಸ ತಿನಿಸು ಯಾವುದೂ ಆ ಎರಡು ಮೂರು ದಿನ ಬೇಡ, ಕೆರೆತವೋ ಭೇದಿಯೋ ಬಂದರೆ ಕಾರಣ ಯಾವುದೆಂದು ತಿಳಿಯಬೇಕಲ್ಲ. ಕೋಳಿ, ಹಾಲಿನ ಪದಾರ್ಥ, ಗೋಧಿ ಆಗದ ನಾಯಿಗಳು ಅಪರೂಪವೇನಲ್ಲ. ಪ್ಯಾಂಕ್ರಿಯಾಸ್, ಕಿಡ್ನಿ ತೊಂದರೆಗೆ ಪಥ್ಯದಲ್ಲಿರುವ ನಾಯಿಗೆ ಪಶುವೈದ್ಯರನ್ನು ಕೇಳದೆ ಇದ್ಯಾವುದೂ ಬೇಡ.

ಇಡುವುದು, ಒಯ್ಯುವುದು

ಪೂರ್ತಿ ಆರದೆ ಡಬ್ಬಿ ಮುಚ್ಚಿದರೆ ಒಳಗೆ ಬೆವರಿ ಮಾರನೇ ದಿನವೇ ಲೋಳೆ. ಆರಿದ ಮೇಲೆ ಮೂರು ದಿನಕ್ಕಾಗುವಷ್ಟನ್ನು ಫ್ರಿಜ್ಜಿನಲ್ಲಿಟ್ಟು ಉಳಿದದ್ದು ಫ್ರೀಜರಿಗೆ. ಚೂರುಗಳನ್ನು ತಟ್ಟೆಯಲ್ಲಿ ಒಂದೇ ಪದರವಾಗಿ ಹರಡಿ ಎರಡು ಗಂಟೆ ಫ್ರೀಜರಿನಲ್ಲಿಟ್ಟು ಆಮೇಲೆ ಜಿಪ್ ಕವರಿಗೆ ತುಂಬಿ. ನೇರ ಕವರಿಗೆ ಹಾಕಿದರೆ ಎಲ್ಲ ಅಂಟಿಕೊಂಡು ಕಲ್ಲಿನ ಉಂಡೆ. ಕವರಿನ ಮೇಲೆ ತಾರೀಖು ಬರೆಯಿರಿ, ಎರಡು ತಿಂಗಳಲ್ಲಿ ಮುಗಿಸಿ. ಪಾಠಕ್ಕೆ ಬೇಕಾದಷ್ಟನ್ನು ಮಾತ್ರ ಹೊರತೆಗೆಯಿರಿ, ಇಷ್ಟು ಚಿಕ್ಕ ಚೂರು ಹತ್ತೇ ನಿಮಿಷದಲ್ಲಿ ಮೆತ್ತಗಾಗುತ್ತದೆ. ಕರಗಿದ್ದನ್ನು ಮತ್ತೆ ಫ್ರೀಜ್ ಮಾಡಬೇಡಿ. ರಾತ್ರಿಯಿಡೀ ಕರೆಂಟ್ ಹೋಗಿ ಪೂರ್ತಿ ಕರಗಿ ಬೆಚ್ಚಗಾಗಿದ್ದರೆ ಚೆಲ್ಲಿ.

ಹೊರಗೆ ಎರಡು ಗಂಟೆ, ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಒಂದು ಗಂಟೆ, ಅದಕ್ಕಿಂತ ಹೆಚ್ಚು ಇದ್ದದ್ದನ್ನು ವಾಪಸ್ ಡಬ್ಬಿಗೆ ಸೇರಿಸಬೇಡಿ. ಮುಟ್ಟಿದರೆ ನೂಲೆಳೆ ಬಂದರೆ, ಹುಳಿ ವಾಸನೆ ಬಂದರೆ, ಒಂದೇ ಒಂದು ಚೂರಿನ ಮೇಲೆ ಬೂಷ್ಟು ಕಂಡರೂ ಇಡೀ ಡಬ್ಬಿ ಖಾಲಿ ಮಾಡಿ. ಮಳೆಗಾಲದ ಮಲೆನಾಡಿನಲ್ಲಿ ಕೆಡುವುದು ಹೆಚ್ಚಾಗಿ ಡಬ್ಬಿಯಿಂದಲ್ಲ, ಸೊಂಟಕ್ಕೆ ಕಟ್ಟುವ ಟ್ರೀಟ್ ಚೀಲದಿಂದ. ಹೊಲಿಗೆಯ ಸಂದಿಯಲ್ಲಿ ಕೂತ ಹಳೇ ಚೂರು ಹೊಸದಕ್ಕೂ ಬೂಷ್ಟು ಅಂಟಿಸುತ್ತದೆ. ಚೀಲವನ್ನು ಒಳಹೊರಗು ಮಾಡಿ ತೊಳೆಯಿರಿ. ಬಟ್ಟೆ ಒಣಗದ ದಿನಗಳಲ್ಲಿ ಚೀಲ ಬಿಟ್ಟು ಚಿಕ್ಕ ಸ್ಟೀಲ್ ಡಬ್ಬಿ ಹಿಡಿದು ಹೋಗಿ.